ಅಮೆರಿಕದಲ್ಲಿ ನಮ್ಮ ಮನೆ ಹತ್ತಿರದ ಶಾಲೆ ‘ಟೈಟಲ್ 1’ ಅಂತೆ. ಹಾಗಂದರೇನು? ಮಗುವನ್ನು ಅಲ್ಲಿಗೆ ಸೇರಿಸಬಹುದೇ?

ಧಾರಾಳವಾಗಿ ಸೇರಿಸಿ. ನನ್ನ ಮಗಳು ಓದುತ್ತಿರುವುದೂ ಅಂಥದ್ದೇ ಶಾಲೆಯಲ್ಲಿ. ‘ಟೈಟಲ್ 1’ ಅನ್ನುವುದು ಶಾಲೆಗೆ ಯಾರೋ ಕೊಟ್ಟ ಮಾರ್ಕ್ಸ್ ಅಲ್ಲ. ಅಲ್ಲಿ ಬಡ ಕುಟುಂಬಗಳ ಮಕ್ಕಳು ಹೆಚ್ಚಿದ್ದಾರೆ, ಅದಕ್ಕಾಗಿ ಕೇಂದ್ರ ಸರ್ಕಾರದ ದುಡ್ಡು ಬರುತ್ತಿದೆ, ಅಷ್ಟೇ. ಮನೆ ಹುಡುಕುವಾಗ ಈ ಹೆಸರು ಕಂಡ ಕೂಡಲೇ ನಮ್ಮವರು ಪಕ್ಕದ ಬಡಾವಣೆಗೆ ಓಡುತ್ತಾರೆ, ಯಾಕೋ!

ಇಲ್ಲಿ ಸರ್ಕಾರಿ ಶಾಲೆಗಳು ನಡೆಯುವುದು ಮುಖ್ಯವಾಗಿ ರಾಜ್ಯದ ಹಣ ಮತ್ತು ಸ್ಥಳೀಯ ಆಸ್ತಿ ತೆರಿಗೆಯಿಂದ. ಮನೆಗಳ ಬೆಲೆ ಕಡಿಮೆ ಇರುವ ಕಡೆ ತೆರಿಗೆಯೂ ಕಡಿಮೆ. ಆ ಕೊರತೆಗೆ ಕೈ ಹಚ್ಚಲೆಂದೇ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅದರ ಮೊದಲ ಭಾಗವೇ ಈ ಟೈಟಲ್ 1. ಜಾನ್ಸನ್ ತಾವೇ ಯೌವನದಲ್ಲಿ ಟೆಕ್ಸಾಸ್‌ನ ಕೊಟೂಲಾದಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು.

ಈಗ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್ ಇದಕ್ಕೆ ಹೋಗುತ್ತದೆ. ದೊಡ್ಡ ಮೊತ್ತ ಅನ್ನಿಸಬಹುದು, ಆದರೆ ಎಲ್ಲ ಯೋಜನೆಗಳನ್ನೂ ಸೇರಿಸಿದರೂ ಶಾಲೆಗಳ ಒಟ್ಟು ಖರ್ಚಿನಲ್ಲಿ ಕೇಂದ್ರದ ಪಾಲು ಹೆಚ್ಚುಕಡಿಮೆ ಹತ್ತರಲ್ಲೊಂದು ಭಾಗ. ಹಾಗಾಗಿ ಪವಾಡ ನಿರೀಕ್ಷಿಸಬೇಡಿ.

ದುಡ್ಡು ರಾಜ್ಯದ ಮೂಲಕ ಸ್ಕೂಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗೆ, ಬರುತ್ತದೆ. ಡಿಸ್ಟ್ರಿಕ್ಟ್‌ನವರು ತಮ್ಮ ಶಾಲೆಗಳನ್ನು ಬಡತನದ ಪ್ರಮಾಣದ ಮೇಲೆ ಸಾಲಾಗಿ ಇಟ್ಟು ಹಂಚುತ್ತಾರೆ, ಶೇ. 75ಕ್ಕಿಂತ ಹೆಚ್ಚು ಬಡ ಮಕ್ಕಳಿರುವ ಶಾಲೆಗಳಿಗೆ ಮೊದಲ ಹಕ್ಕು. ಶೇ. 40 ದಾಟಿದ ಶಾಲೆ ಈ ಹಣವನ್ನು ಇಡೀ ಶಾಲೆಯ ಸುಧಾರಣೆಗೆ ಬಳಸಬಹುದು. ಉಳಿದ ಕಡೆ ಸಾಮಾನ್ಯವಾಗಿ ಆಯ್ದ ಮಕ್ಕಳಿಗೆ ಮಾತ್ರ. ಸ್ವಾರಸ್ಯ ಇರುವುದು ಇಲ್ಲೇ: ಶಾಲೆಯನ್ನು ಆರಿಸುವುದು ಬಡತನ ನೋಡಿ, ಆದರೆ ಒಳಗೆ ಮಕ್ಕಳನ್ನು ಆರಿಸುವುದು ಯಾರು ಕಲಿಕೆಯಲ್ಲಿ ಹಿಂದಿದ್ದಾರೆ ಎಂದು ನೋಡಿ. ಅಪ್ಪ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರೂ ಮಗು ಓದುವುದರಲ್ಲಿ ತಡವರಿಸುತ್ತಿದ್ದರೆ ಅದಕ್ಕೂ ಸಹಾಯ ಸಿಗುತ್ತದೆ.

ಹೆಚ್ಚುವರಿ ರೀಡಿಂಗ್ ಟೀಚರ್, ತರಗತಿಯಲ್ಲಿ ಸಹಾಯಕರು, ಶಾಲೆ ಬಿಟ್ಟ ಮೇಲಿನ ಪಾಠ, ಬೇಸಿಗೆ ತರಗತಿ, ಇವೇ ಸಾಮಾನ್ಯ ಖರ್ಚುಗಳು. ಕೇಂದ್ರದ ದುಡ್ಡು ಬಂತಲ್ಲ ಎಂದು ರಾಜ್ಯವೋ ಡಿಸ್ಟ್ರಿಕ್ಟೋ ತಾನು ಕೊಡಬೇಕಾದ್ದನ್ನು ಕಡಿತ ಮಾಡುವಂತಿಲ್ಲ, ಕಾನೂನೇ ಇದೆ.

ಇನ್ನೊಂದು ಮಾತು. ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳ ಲೆಕ್ಕದಿಂದಲೇ ಬಡತನ ಅಳೆಯುವ ಕಡೆ ಬಹಳ. ಶಾಲೆಯವರು ಆದಾಯದ ಫಾರ್ಮ್ ಕೊಟ್ಟರೆ, ವಿದ್ಯಾರ್ಥಿ ವೀಸಾದ ಸ್ಟೈಪೆಂಡ್‌ನಲ್ಲಿ ಸಂಸಾರ ನಡೆಸುವವರು ಸಂಕೋಚದಿಂದ ಖಾಲಿ ಬಿಡುತ್ತಾರೆ. ಬಿಡಬೇಡಿ, ನಷ್ಟ ನಿಮಗಷ್ಟೇ ಅಲ್ಲ, ಶಾಲೆಯ ಲೆಕ್ಕದಲ್ಲೂ ಒಂದು ಮಗು ಕಡಿಮೆಯಾಗುತ್ತದೆ.

ಸೇರಿಸುವ ಮುಂಚೆ ಪ್ರಿನ್ಸಿಪಾಲರನ್ನು ಕಂಡು ಈ ಹಣ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಕೇಳಿ. ಸೇರಿದ ಮೇಲೆ ವರ್ಷಕ್ಕೊಮ್ಮೆ ಪೋಷಕರಿಗೆ ಟೈಟಲ್ 1 ಸಭೆ ಕರೆಯಲೇಬೇಕು, ತಪ್ಪದೆ ಹೋಗಿ. ಮಗುವಿನ ಟೀಚರ್ ಏನು ಓದಿದ್ದಾರೆ ಎಂದು ಕೇಳಿ ತಿಳಿಯುವ ಹಕ್ಕೂ ನಿಮಗಿದೆ.