ದೊಡ್ಡ ಕೋಡ್‌ನಲ್ಲಿ ದಾರಿ ತಪ್ಪುತ್ತಿದ್ದರೆ, ಮೊದಲು ವಾಪಸ್ ಬರುವ ಕೀ ಕಲಿಯಿರಿ

ನೀವು ಕೇಳಿದ್ದು ಇಷ್ಟು: ಸಾಗರದ ಮನೆಯಿಂದಲೇ ಹೊಸ ಕೆಲಸ, ಕೈಗೆ ಬಂದಿರುವುದು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೋಡ್. ವಿಎಸ್ ಕೋಡ್ ಎಡಿಟರ್‌ನಲ್ಲಿ ಒಂದು ಫಂಕ್ಷನ್‌ನಿಂದ ಇನ್ನೊಂದಕ್ಕೆ ಹೋಗುತ್ತಾ ಇಪ್ಪತ್ತು ಮೂವತ್ತು ಟ್ಯಾಬ್ ಆಗುತ್ತವೆ, ಕೊನೆಗೆ ಏನು ಹುಡುಕಲು ಹೊರಟಿದ್ದೆ ಅನ್ನೋದೇ ಮರೆತುಹೋಗುತ್ತದೆ. ಕೀಬೋರ್ಡ್‌ನಲ್ಲೇ ಎಲ್ಲ ನಡೆಸುವ ವಿಮ್ ಎಡಿಟರ್‌ಗೆ ಬದಲಾಯಿಸಿದರೆ ಸರಿಹೋಗುತ್ತದಾ?

ಬದಲಾಯಿಸಬೇಡಿ. ನಾನು ತೀರ್ಥಹಳ್ಳಿ ಕಡೆ ಕೂತು ಇದೇ ತರದ ಕೆಲಸ ಮಾಡುತ್ತೇನೆ, ವಿಮ್ಮನ್ನೇ ಬಳಸುತ್ತೇನೆ, ಆದರೂ ಇದನ್ನೇ ಹೇಳುತ್ತೇನೆ. ಎಫ್12 ಒತ್ತಿ ಡೆಫಿನಿಷನ್‌ಗೆ (ಆ ಫಂಕ್ಷನ್ ಬರೆದಿರುವ ಜಾಗಕ್ಕೆ) ಹಾರುವುದು ಎಲ್ಲರಿಗೂ ಗೊತ್ತು. ಹಾರಿದ ಜಾಗದಿಂದ ಹಿಂದೆ ಬರುವ ಕೀ ಬೆರಳಿಗೆ ಕೂತಿರುವುದಿಲ್ಲ, ಅದಕ್ಕೇ ಟ್ಯಾಬ್ ರಾಶಿಯಾಗುತ್ತವೆ. ವಿಂಡೋಸ್‌ನ ವಿಎಸ್ ಕೋಡ್‌ನಲ್ಲಿ ಅದು ಆಲ್ಟ್ ಜೊತೆ ಎಡ ಬಾಣ, ಲಿನಕ್ಸ್‌ನಲ್ಲಿ ಕಂಟ್ರೋಲ್ ಆಲ್ಟ್ ಮೈನಸ್. ವಿಮ್‌ನಲ್ಲಿ ಟ್ಯಾಗ್ (ಹೆಸರು ಎಲ್ಲಿದೆ ಅನ್ನುವ ಸೂಚಿ) ಹಿಡಿದು ಹೋಗಿದ್ದರೆ ಕಂಟ್ರೋಲ್ ಟಿ, ಬೇರೆ ಹೇಗೆ ಹಾರಿದ್ದರೂ ಕಂಟ್ರೋಲ್ ಓ. ಒಂದು ವಾರ ಮೌಸ್ ಮುಟ್ಟದೆ ಇದನ್ನೇ ಅಭ್ಯಾಸ ಮಾಡಿ. ನಾಲ್ಕು ಹೆಜ್ಜೆ ಒಳಗೆ ಹೋದರೆ ನಾಲ್ಕು ಸಲ ಒತ್ತಿ ಹೊರಟ ಸಾಲಿಗೇ ಬಂದು ನಿಲ್ಲಬೇಕು. ಅಲ್ಲಿಂದ ಮುಂದಿನ ಕವಲು.

ಇನ್ನೊಂದು ವಿಷಯ. ಕರ್ನಲ್ 3 ಕೋಟಿ ಸಾಲಿಗಿಂತ ಜಾಸ್ತಿ ಇದೆ, ಅದನ್ನು ಯಾರೂ ಪೂರ್ತಿ ಓದುವುದಿಲ್ಲ. ತೋಟಕ್ಕೆ ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ನಾವು ಇಡೀ ಗುಡ್ಡ ಸುತ್ತುವುದಿಲ್ಲ, ಕಾಲುವೆ ಹಿಡಿದು ಮೇಲೆ ಹೋಗುತ್ತೇವೆ, ಅಲ್ವಾ? ಹಾಗೆ ಒಂದು ಪ್ರಶ್ನೆ ಹಿಡಿದು ಹೊರಡಿ. 'ಫೈಲ್ ಸಿಸ್ಟಮ್ ಅರ್ಥ ಮಾಡಿಕೊಳ್ಳಬೇಕು' ಅನ್ನುವುದು ಪ್ರಶ್ನೆ ಅಲ್ಲ. 'ಪ್ರೋಗ್ರಾಂ ರೀಡ್ ಅಂತ ಕರೆದಾಗ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನ ಯಾವ ಫಂಕ್ಷನ್ ಓಡುತ್ತದೆ' ಅನ್ನುವುದು ಪ್ರಶ್ನೆ. ಅದನ್ನು ಒಂದು ಖಾಲಿ ಫೈಲಿನ ಮೊದಲ ಸಾಲಲ್ಲಿ ಬರೆದುಕೊಂಡು ಪಕ್ಕದಲ್ಲೇ ತೆರೆದಿಡಿ.

ಇದನ್ನೇ ಹಿಡಿದು ಹೋಗೋಣ, ಯಾಕೆಂದರೆ ಕೈ ಕೊಡುವ ಜಾಗಗಳೆಲ್ಲ ಈ ದಾರಿಯಲ್ಲೇ ಸಿಗುತ್ತವೆ. ರೀಡ್ ಕರೆ ಕರ್ನಲ್ ಒಳಗೆ ಬರುವುದು 'ಸಿಸ್_ರೀಡ್' ಹೆಸರಲ್ಲಿ, ಹಾಗಾಗಿ ಮೊದಲು ಅದನ್ನು ಹುಡುಕುತ್ತೀರಿ. ಆ ಹೆಸರಿನ ಫಂಕ್ಷನ್ ಬಾಡಿ ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ಅದನ್ನು 'ಸಿಸ್‌ಕಾಲ್_ಡಿಫೈನ್3' ಅನ್ನುವ ಮ್ಯಾಕ್ರೋ (ಕಂಪೈಲ್ ಆಗುವಾಗ ಪೂರ್ತಿ ಕೋಡ್ ಆಗಿ ಬಿಚ್ಚಿಕೊಳ್ಳುವ ಚುಟುಕು) ಹುಟ್ಟಿಸುತ್ತದೆ, ಕಂಸದೊಳಗೆ ಬರೀ 'ರೀಡ್' ಅಂತ ಇರುತ್ತದೆ. ಟ್ಯಾಗ್ ಕಟ್ಟುವ ಸಾದಾ ಸಿಟ್ಯಾಗ್ಸ್ ಟೂಲ್‌ಗೆ ಇದು ತಿಳಿಯದು. ಅದಕ್ಕೇ ಕರ್ನಲ್‌ನಲ್ಲಿ ಸುಮ್ನೆ ಸಿಟ್ಯಾಗ್ಸ್ ಓಡಿಸಬಾರದು, 'ಮೇಕ್ ಟ್ಯಾಗ್ಸ್' ಅಂತ ಕೊಡಬೇಕು. ಕರ್ನಲ್‌ನ ಜೊತೆಗೇ ಬರುವ ಸ್ಕ್ರಿಪ್ಟ್‌ಗೆ ಈ ಮ್ಯಾಕ್ರೋಗಳು ಗೊತ್ತು. ಜೊತೆಗೆ 'ಕಂಪೈಲ್ಡ್_ಸೋರ್ಸ್=1' ಅಂತ ಕೊಟ್ಟರೆ ನೀವು ಬಿಲ್ಡ್ ಮಾಡಿದ ಫೈಲುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೇರೆ ಪ್ರೊಸೆಸರ್‌ಗಳಿಗೆ ಬರೆದ ಅದೇ ಹೆಸರಿನ ಫಂಕ್ಷನ್‌ಗಳ ಕಾಟ ಅಲ್ಲಿಗೆ ಮುಗಿಯಿತು.

ಅಲ್ಲಿಂದ 'ಕೆಸಿಸ್_ರೀಡ್', ಅಲ್ಲಿಂದ 'ವಿಎಫ್ಎಸ್_ರೀಡ್'. ಇಲ್ಲಿಯ ತನಕ ಎಫ್12 ಸಾಕು. ವಿಎಫ್ಎಸ್_ರೀಡ್ ಒಳಗೆ ದಾರಿ ಕಡಿಯುತ್ತದೆ. ಅಲ್ಲಿ ಫೈಲಿನ 'ಎಫ್_ಆಪ್' ಮೂಲಕ ಫಂಕ್ಷನ್ ಪಾಯಿಂಟರ್ (ಓಡಬೇಕಾದ ಫಂಕ್ಷನ್ನಿನ ವಿಳಾಸ) ಕರೆಯುತ್ತಾರೆ. ಅದರ ಮೇಲೆ ಎಫ್12 ಒತ್ತಿದರೆ ಹೆಡರ್ ಫೈಲಿನ 'ಫೈಲ್_ಆಪರೇಷನ್ಸ್' ಸ್ಟ್ರಕ್ಟಿಗೆ ಹೋಗಿ ನಿಲ್ಲುತ್ತದೆ, ಮುಂದೆ ಏನೂ ಇಲ್ಲ. ಹೊಸಬರು ಕೈಬಿಡುವುದು ಸಾಮಾನ್ಯವಾಗಿ ಇಲ್ಲೇ. ಎಡಿಟರ್ ಕೆಟ್ಟಿಲ್ಲ, ಯಾವ ಫಂಕ್ಷನ್ ಓಡಬೇಕು ಅನ್ನುವುದು ಕೋಡ್ ಓಡುವಾಗ ತೀರ್ಮಾನ ಆಗುವುದರಿಂದ ಅದಕ್ಕೆ ಹೇಳಲು ಬರುವುದಿಲ್ಲ. ಈಗ ಡೆಫಿನಿಷನ್ ಬಿಟ್ಟು, ಆ ಸ್ಟ್ರಕ್ಟಿನಲ್ಲಿ ಇಎಕ್ಸ್‌ಟಿ4 ಓದುವುದಕ್ಕೆ ತುಂಬುವ ಜಾಗದ ಹೆಸರನ್ನು ಪಠ್ಯವಾಗಿ ಹುಡುಕಬೇಕು: ಚುಕ್ಕಿ, ಅದಕ್ಕೆ ಅಂಟಿಕೊಂಡು 'ರೀಡ್_ಐಟರ್'. ಇಡೀ ಕರ್ನಲ್ ಕೋಡ್‌ನಲ್ಲಿ ಹುಡುಕಿದರೆ ಒಂದೊಂದು ಫೈಲ್ ಸಿಸ್ಟಮ್ಮಿನದೂ ಬಂದು ಬೀಳುತ್ತದೆ, ಹಾಗಾಗಿ ಇಎಕ್ಸ್‌ಟಿ4 ಫೋಲ್ಡರ್ ಒಳಗೆ ಮಾತ್ರ ಹುಡುಕಿ. 'ಇಎಕ್ಸ್‌ಟಿ4_ಫೈಲ್_ರೀಡ್_ಐಟರ್' ಸಿಗುತ್ತದೆ. ಅದೇ ನಿಮ್ಮ ಉತ್ತರ. ಅದನ್ನು ಆ ಖಾಲಿ ಫೈಲಿಗೆ ಬರೆದು, ಹಿಂದೆ ಬರುವ ಕೀ ಒತ್ತಿ ಹೊರಟ ಜಾಗಕ್ಕೆ ಬನ್ನಿ. ಪಠ್ಯ ಹುಡುಕಲು ರಿಪ್‌ಗ್ರೆಪ್ ಅನ್ನುವ ಟೂಲ್ ಬಳಸಿ. ವಿಎಸ್ ಕೋಡ್‌ನ ಹುಡುಕಾಟದ ಒಳಗೆ ಓಡುವುದೂ ಅದೇ.

ಯಾರು ಯಾರನ್ನು ಕರೆಯುತ್ತಾರೆ ಅನ್ನುವುದಕ್ಕೆ ನನಗೆ ಇವತ್ತಿಗೂ ಸಿಸ್ಕೋಪ್ ಅನ್ನುವ ಟೂಲ್ ಇಷ್ಟ. ಪಿಡಿಪಿ-11 ಕಂಪ್ಯೂಟರ್ ಕಾಲದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ವಿಎಸ್ ಕೋಡ್‌ನಲ್ಲಾದರೆ ಕ್ಲ್ಯಾಂಗ್‌ಡಿ ಹಾಕಿ, ಅದು ಕೋಡ್ ಓದಿ ಎಡಿಟರ್‌ಗೆ ಉತ್ತರ ಕೊಡುವ ಸರ್ವರ್. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ (ಎಡಿಟರ್ ಮತ್ತು ಇಂಥ ಸರ್ವರ್ ಮಾತಾಡುವ ಭಾಷೆ) ಹೊರಗೆ ತಂದ ಮೇಲೆ ಇದೇ ಸರ್ವರ್ ವಿಮ್‌ಗೂ ಸಿಗುತ್ತದೆ, ಈಮ್ಯಾಕ್ಸ್‌ಗೂ ಸಿಗುತ್ತದೆ. ಎಡಿಟರ್ ಯಾವುದಾದರೇನು ಅಂತ ನಾನು ಹೇಳುವುದು ಇದಕ್ಕೇ. ಆದರೆ ಕ್ಲ್ಯಾಂಗ್‌ಡಿಗೆ ಪ್ರತಿ ಫೈಲ್ ಹೇಗೆ ಕಂಪೈಲ್ ಆಯಿತು ಅಂತ ಬರೆದಿರುವ ಕಂಪೈಲ್ ಕಮಾಂಡ್‌ಗಳ ಜೇಸನ್ ಫೈಲ್ ಬೇಕು, ಇಲ್ಲದಿದ್ದರೆ ಊಹೆ ಮಾಡುತ್ತಾ ಎಲ್ಲ ಕಡೆ ಕೆಂಪು ಗೆರೆ ಎಳೆಯುತ್ತದೆ. ಕರ್ನಲ್ ಬಿಲ್ಡ್ ಮಾಡಿದ ಮೇಲೆ 'ಮೇಕ್ ಕಂಪೈಲ್_ಕಮಾಂಡ್ಸ್.ಜೇಸನ್' ಅಂತ ಕೊಟ್ಟರೆ ಆ ಫೈಲ್ ಬರುತ್ತದೆ.

ಈಗ ನಮ್ಮ ಕಡೆಯ ಮಾತು. ಮಳೆಗಾಲದಲ್ಲಿ ನೆಟ್ ಯಾವಾಗ ಹೋಗುತ್ತದೋ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಆಗುವುದಿಲ್ಲ, ಹಾಗಾಗಿ ಬ್ರೌಸರ್‌ನಲ್ಲಿ ಕರ್ನಲ್ ಕೋಡ್ ತೋರಿಸುವ ಸೈಟುಗಳನ್ನೇ ನೆಚ್ಚಿಕೊಳ್ಳಬೇಡಿ. ಎಲ್ಲವೂ ನಿಮ್ಮ ಡಿಸ್ಕಿನಲ್ಲಿರಲಿ. ಬೇಗ ಇಳಿಯಲಿ ಅಂತ, ಕೋಡ್ ಇಳಿಸುವ ಗಿಟ್ ಕ್ಲೋನ್ ಕಮಾಂಡ್‌ಗೆ ಡೆಪ್ತ್ 1 ಕೊಟ್ಟರೆ ಹಳೆಯ ಬದಲಾವಣೆಗಳ ಇತಿಹಾಸವೇ ಬರುವುದಿಲ್ಲ. 'ಫಿಲ್ಟರ್=ಬ್ಲಾಬ್:ನನ್' ಕೊಟ್ಟರೆ ಇತಿಹಾಸ ಬರುತ್ತದೆ, ಆದರೆ ಹಳೆಯ ಫೈಲುಗಳನ್ನು ಕೇಳಿದಾಗ ಮಾತ್ರ ನೆಟ್‌ನಿಂದ ತರುತ್ತದೆ. ನೆಟ್ ಹೋದ ಹೊತ್ತಲ್ಲಿ, ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸುವ ಗಿಟ್ ಬ್ಲೇಮ್ ಅಲ್ಲೇ ನಿಂತುಬಿಡುತ್ತದೆ. ಪೂರ್ತಿ ಕ್ಲೋನ್ ಮಾಡಿ. ಕ್ಲೋನ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರು ಮಾಡಬೇಕು, ಅದಕ್ಕೆ ಕರ್ನಲ್ ಡಾಟ್ ಆರ್ಗ್‌ನವರು ಕೊಡುವ ಕ್ಲೋನ್ ಬಂಡಲ್ ಫೈಲ್ ಇಳಿಸಿಕೊಳ್ಳಿ. ಅದು ಸಾದಾ ಡೌನ್‌ಲೋಡ್, ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ಶಿವಮೊಗ್ಗ ಪೇಟೆಗೆ ಹೋದಾಗ ಮಾಡಿಕೊಂಡು ಬಂದರೆ ಇನ್ನೂ ಒಳ್ಳೆಯದು. ಇಂಡೆಕ್ಸ್ ಕಟ್ಟುವುದು ಬ್ಯಾಟರಿ ತಿನ್ನುತ್ತದೆ, ಕರೆಂಟ್ ಇರುವಾಗಲೇ ಮುಗಿಸಿ.

ಇತಿಹಾಸಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಕೋಡ್ ಏನು ಮಾಡುತ್ತದೆ ಅಂತ ಎಡಿಟರ್ ತೋರಿಸುತ್ತದೆ, ಯಾಕೆ ಅಂತ ಕಮಿಟ್ ಮೆಸೇಜ್ (ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಹೇಳುತ್ತದೆ. ಕರ್ನಲ್‌ನವರು ಅದನ್ನು ತುಂಬಾ ಚೆನ್ನಾಗಿ ಬರೆಯುತ್ತಾರೆ. 'ಗಿಟ್ ಲಾಗ್' ಜೊತೆ ಮೈನಸ್ ಚಿಹ್ನೆ, ಅದಕ್ಕೆ ಅಂಟಿಸಿ ದೊಡ್ಡ ಎಲ್ ಹಾಕಿ, ಕೋಲನ್, ಫಂಕ್ಷನ್ ಹೆಸರು, ಮತ್ತೆ ಕೋಲನ್, ಫೈಲ್ ಹೆಸರು ಕೊಡಿ. ಆ ಒಂದು ಫಂಕ್ಷನ್ ಬದಲಾದ ಬಗೆ ಮಾತ್ರ ಬರುತ್ತದೆ. ವಿಎಫ್ಎಸ್_ರೀಡ್ ಮೇಲೆ ಇವತ್ತೇ ಓಡಿಸಿ ನೋಡಿ. ಜೇಸನ್ ಫೈಲ್ ಕಟ್ಟುವಾಗ ಎರರ್ ಬಂದರೆ ಅದರ ಪೂರ್ತಿ ಸಾಲು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.