ಒಲೆ ಹಿಂದಿನ 4 ಇಂಚಿನ ಟೈಲ್ಸ್ ನಡುವಿನ ಬಿಳಿ ಗ್ರೌಟ್ (ಸಂದು ತುಂಬುವ ಮಿಶ್ರಣ) ಹಳದಿಯಾಗಿದೆ, ಹೊಸ ಟೈಲ್ಸ್‌ಗೆ ಯಾವ ಅಳತೆ, ಗ್ರೌಟ್‌ಗೆ ಯಾವ ಬಣ್ಣ?

ಬಹುಶಃ ಒಗ್ಗರಣೆ ಎಣ್ಣೆ, ಅರಿಶಿನ. ಸಿಮೆಂಟ್ ಗ್ರೌಟ್ ಎರಡನ್ನೂ ಹೀರುತ್ತದೆ. ನಿಮ್ಮದು 4 ಇಂಚಿನ ಟೈಲ್ಸ್, ಸಂದುಗಳೂ ಜಾಸ್ತಿ ಅಲ್ವಾ.

ಮೊದಲು ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ ಅಳೆಯಿರಿ. 2 ಅಡಿ ಇದ್ದರೆ 1×2 ಅಡಿಯ ಟೈಲ್ಸ್ ಅಡ್ಡಕ್ಕೆ ಎರಡು ಸಾಲು ಸಾಕು. ಗೋಡೆ ಉಬ್ಬುತಗ್ಗಿದ್ದರೆ ಮೊದಲು ಗಾರೆ ಹಾಕಿಸಿ ಸಮ ಮಾಡಿಸಿ, ಅದು ನೋಡದೆ ಹೇಳುವುದು ಕಷ್ಟ. ಸ್ಪೇಸರ್ (ಸಂದು ಸಮವಾಗಿರಲು ಇಡುವ ಪ್ಲಾಸ್ಟಿಕ್ ತುಂಡು) ಇಟ್ಟು 2 ಮಿ.ಮೀ. ಸಂದು ಬಿಡಿಸಿ.

ಗ್ರೌಟ್ ಬಣ್ಣ ಟೈಲ್ಸ್‌ಗಿಂತ ಸ್ವಲ್ಪ ಗಾಢವಾದ ಬೂದು ಇರಲಿ. ಕಪ್ಪು ಬೇಡ, ಬೋರ್‌ವೆಲ್ ನೀರಿನ ಬಿಳಿ ಕಲೆ ಎದ್ದು ಕಾಣುತ್ತದೆ. ಎರಡು ತುಂಡು ಟೈಲ್ಸ್ ನಡುವೆ ಹಚ್ಚಿ, ಒಣಗಿದ ಮೇಲೆ ನೋಡಿ.

ಒಲೆ ಇರುವ ಗೋಡೆಗೆ ಪೂರ್ತಿ ಎಪಾಕ್ಸಿ ಗ್ರೌಟ್ (ಸಿಮೆಂಟ್ ಬದಲು ರಾಳದಿಂದ ಮಾಡಿದ್ದು) ಹಾಕಿಸಿ. ದುಬಾರಿ, ಆದರೆ ಎಣ್ಣೆ ಹೀರುವುದಿಲ್ಲ. ಮೇಸ್ತ್ರಿ ಪಕ್ಕದಲ್ಲೇ ನಿಂತು ಟೈಲ್ಸ್ ಮೇಲೆ ತಾಗಿದ್ದನ್ನು ಆಗಿಂದಾಗಲೇ ಒರೆಸಲು ಹೇಳಿ. ಗಟ್ಟಿಯಾದರೆ ಕೆರೆದು ತೆಗೆಯುವುದು ತುಂಬಾ ಕಷ್ಟ.