ಲ್ಯಾಪ್‌ಟಾಪಿಗೆ ಕಿವಿ ಇಲ್ಲ

ಓದುಗರ ಪ್ರಶ್ನೆ, ಬಾಗಲಕೋಟೆಯ ಕೀಬೋರ್ಡ್ ಮಾಸ್ತರರ ಉತ್ತರ

ಪ್ರಶ್ನೆ: ನಮ್ಮದು ಐದು ಜನರ ಆರ್ಕೆಸ್ಟ್ರಾ. ಮದುವೆ, ಗಣಪತಿ, ಜಾತ್ರೆ ಎಲ್ಲ ಮಾಡುತ್ತೇವೆ. ನನ್ನ ಹತ್ತಿರ ಹಳೆಯ ವರ್ಕ್‌ಸ್ಟೇಷನ್ ಕೀಬೋರ್ಡ್ ಇದೆ. ಅದರ ಒಳಗಿನ ಸೀಕ್ವೆನ್ಸರಿನಲ್ಲೇ (ಬಾರಿಸಿದ್ದನ್ನು ನೆನಪಿಟ್ಟು ಮತ್ತೆ ನುಡಿಸುವ ಭಾಗ) ಹಾಡಿನ ಟ್ರ್ಯಾಕ್ ಮಾಡಿಕೊಳ್ಳುತ್ತೇನೆ. ಲ್ಯಾಪ್‌ಟಾಪಿಗೆ ಕ್ಯೂಬೇಸ್ ಎಂಬ ಸಂಗೀತದ ಸಾಫ್ಟ್‌ವೇರ್ ಹಾಕಿಕೊಂಡು ಅದರಿಂದಲೇ ಕೀಬೋರ್ಡ್ ನಡೆಸು ಎಂದು ಗೆಳೆಯ ದುಂಬಾಲು ಬಿದ್ದಿದ್ದಾನೆ. ಸ್ಟೇಜಿಗೆ ಲ್ಯಾಪ್‌ಟಾಪ್ ಒಯ್ಯಬೇಕಾ?
– ಇಳಕಲ್ಲಿನ ಓದುಗರು

ಉತ್ತರ: ಮನೆಯಲ್ಲಿ ಟ್ರ್ಯಾಕ್ ಕಟ್ಟಲು ಬೇಕೇ ಬೇಕು. ಕೀಬೋರ್ಡಿನ ಅಂಗೈಯಗಲದ ಪರದೆಯಲ್ಲಿ ಒಂದು ತಪ್ಪು ಸ್ವರ ಹುಡುಕುವುದೆಂದರೆ ಜೋಳದ ರಾಶಿಯಲ್ಲಿ ಹರಳು ಆರಿಸಿದ ಹಾಗೆ. ಸ್ಟೇಜಿಗೆ ಒಯ್ಯುವುದು ಬೇರೆ ಮಾತು. ಒಯ್ಯಿರಿ, ಆದರೆ ಅದು ಸತ್ತರೂ ಹಾಡು ನಿಲ್ಲಬಾರದು. ಅಷ್ಟು ವ್ಯವಸ್ಥೆ ಮಾಡಿಕೊಂಡು ಒಯ್ಯಿರಿ.

ಮೊದಲು ಒಂದು ವಿಷಯ. ಲ್ಯಾಪ್‌ಟಾಪಿನಿಂದ ಕೀಬೋರ್ಡಿಗೆ ಮಿಡಿ ಕೇಬಲ್ಲಿನಲ್ಲಿ ಹೋಗುವುದು ಸದ್ದಲ್ಲ, ಬರೀ ಅಪ್ಪಣೆ. ಈ ಸ್ವರ ಒತ್ತು, ಇಷ್ಟು ಜೋರಾಗಿ ಒತ್ತು, ಈಗ ಬಿಡು. ಈ ಅಪ್ಪಣೆಯ ಭಾಷೆಯೇ ಮಿಡಿ. 1983ರಲ್ಲಿ ಬಂದ ಪದ್ಧತಿ, ಇವತ್ತಿಗೂ ಅದೇ ನಡೆದಿದೆ. ಒಂದು ಕೇಬಲ್ಲಿನಲ್ಲಿ 16 ಚಾನೆಲ್, ಅಂದರೆ ಹದಿನಾರು ವಾದ್ಯಕ್ಕೆ ಬೇರೆ ಬೇರೆ ಅಪ್ಪಣೆ. ಸದ್ದು ಹುಟ್ಟುವುದು ನಿಮ್ಮ ಕೀಬೋರ್ಡಿನ ಹೊಟ್ಟೆಯಲ್ಲೇ. ಹಾಗಾಗಿ ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ. ಮಗನ ಕಾಲೇಜು ಮುಗಿದು ಮೂಲೆಗೆ ಬಿದ್ದದ್ದೂ ಸಾಕು. ಸದ್ದನ್ನೂ ಲ್ಯಾಪ್‌ಟಾಪಿನಿಂದಲೇ ತೆಗೆಯುತ್ತೇನೆ ಅಂತ ಹೊರಟರೆ ಮಾತ್ರ ಕಥೆ ಬೇರೆ. ಆಗ ಬಫರ್, ಅಂದರೆ ಸದ್ದನ್ನು ಹೊರಬಿಡುವ ಮೊದಲು ಕೂಡಿಟ್ಟುಕೊಳ್ಳುವ ಗಂಟಿನ ಲೆಕ್ಕ ಬರುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಚೂರು) ರೇಟಿನಲ್ಲಿ ಬಫರ್ 256 ಸ್ಯಾಂಪಲ್ ಇಟ್ಟರೆ ಸುಮಾರು 6 ಮಿಲಿಸೆಕೆಂಡ್ ತಡ, 1024 ಇಟ್ಟರೆ 23. ಸ್ಪೀಕರಿನಿಂದ ಎಂಟು ಮೀಟರ್ ದೂರ ನಿಂತು ಬಾರಿಸಿದಷ್ಟು ತಡ ಅದು. ಬೆರಳು ಮುಂದೆ, ಸ್ವರ ಹಿಂದೆ.

ಬರೀ ಅಪ್ಪಣೆ ಹೋಗುವುದರಲ್ಲಿ ಒಂದು ಅಪಾಯವೂ ಇದೆ. ಒಂದು ಮದುವೆಯಲ್ಲಿ ಫೋಟೋದವನು ಹಿಂದೆ ಸರಿಯುತ್ತ ಸರಿಯುತ್ತ ನನ್ನ ಮಿಡಿ ಕೇಬಲ್ ತುಳಿದ. ಪ್ಲಗ್ ಕಿತ್ತು ಬಂತು. 'ಒತ್ತು' ಅನ್ನುವ ಅಪ್ಪಣೆ ಆಗಲೇ ಹೋಗಿತ್ತು, 'ಬಿಡು' ಅನ್ನುವುದು ಹೋಗಲಿಲ್ಲ. ಸ್ಟ್ರಿಂಗ್ಸ್‌ನ ಒಂದು ಗಾಂಧಾರ ಶಂಖ ಊದಿದ ಹಾಗೆ ನಿಂತೇಬಿಟ್ಟಿತು. ಹಾಡು ನಿಂತರೂ ಅದು ನಿಲ್ಲಲಿಲ್ಲ. ಅಕ್ಷತೆ ಹಿಡಿದುಕೊಂಡವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಆವತ್ತಿನಿಂದ ಎರಡು ನಿಯಮ ಮಾಡಿಕೊಂಡಿದ್ದೇನೆ. ಕೇಬಲ್ಲನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಸುತ್ತಿ ಟೇಪ್ ಹಾಕುವುದು. ಎಲ್ಲ ಸ್ವರ ಒಮ್ಮೆಲೇ ಬಿಡಿಸುವ ಪ್ಯಾನಿಕ್ ಬಟನ್ ಕೀಬೋರ್ಡಿನಲ್ಲಿ ಎಲ್ಲಿದೆ ಎಂದು ಕಣ್ಣು ಮುಚ್ಚಿದರೂ ಸಿಗುವಷ್ಟು ರೂಢಿ ಮಾಡಿಕೊಳ್ಳುವುದು.

ಹಾಡು ಕಟ್ಟುವಾಗ ಮೊದಲ ಒಂದು ಬಾರ್ (ಎಣಿಕೆಯ ಒಂದು ಸುತ್ತು) ಖಾಲಿ ಬಿಡಿ. ಆ ಖಾಲಿ ಬಾರಿನಲ್ಲಿ ಪ್ರತಿ ಚಾನೆಲ್ಲಿಗೂ ಯಾವ ಟೋನ್ ಬೇಕು ಅನ್ನುವ ಅಪ್ಪಣೆ ಇಡಿ. ಮೊದಲು ಬ್ಯಾಂಕ್ (ಟೋನುಗಳ ಗುಂಪು), ಆಮೇಲೆ ಪ್ರೋಗ್ರಾಮ್ (ಆ ಗುಂಪಿನೊಳಗಿನ ಟೋನ್). ಇಲ್ಲದಿದ್ದರೆ ಹಿಂದಿನ ಹಾಡಿನ ಶಹನಾಯಿ ಈ ಹಾಡಿನ ಬೇಸ್ ಬಾರಿಸುತ್ತದೆ. ಇಲ್ಲಿ ಒಂದು ಕಿರಿಕಿರಿ ಉಂಟು. ಕೆಲವು ಸಾಫ್ಟ್‌ವೇರ್ ಟೋನುಗಳನ್ನು 0ಯಿಂದ 127 ಎಂದು ಎಣಿಸುತ್ತವೆ, ಕೀಬೋರ್ಡ್ 1ರಿಂದ 128 ಎಂದು. ಕೊಳಲು ಕೇಳಿದರೆ ಪಕ್ಕದ ಮನೆಯ ಟೋನ್ ಬಂತು ಅಂದರೆ ಒಂದು ಅಂಕಿ ಹಿಂದೆ ಮುಂದೆ ಮಾಡಿ ನೋಡಿ.

ಎಲ್ಲ ಮುಗಿದ ಮೇಲೆ ಪ್ರತಿ ಹಾಡನ್ನೂ ಮಿಡಿ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿ ಕೀಬೋರ್ಡಿಗೆ ಚುಚ್ಚಿಡಿ. ಐದು ನಿಮಿಷದ ವೇವ್ ಫೈಲ್ 50 ಎಂಬಿ ಮೇಲಾಗುತ್ತದೆ. ಅದೇ ಹಾಡಿನ ಮಿಡಿ ಫೈಲ್ ಸಾಮಾನ್ಯವಾಗಿ ಕೆಲವು ಹತ್ತು ಕೆಬಿ ಅಷ್ಟೇ. ಲ್ಯಾಪ್‌ಟಾಪ್ ಕೈಕೊಟ್ಟರೆ ಕೀಬೋರ್ಡಿನ ಸೀಕ್ವೆನ್ಸರಿನಿಂದಲೇ ಹಾಡು ಹೊರಡುತ್ತದೆ. ಮನೆಯಲ್ಲಿ ಒಮ್ಮೆ ಹಾಡಿನ ನಡುವೆ ಬೇಕೆಂದೇ ಲ್ಯಾಪ್‌ಟಾಪ್ ಬಂದ್ ಮಾಡಿ, ಎಷ್ಟು ಹೊತ್ತಿನಲ್ಲಿ ಮತ್ತೆ ಶುರು ಮಾಡುತ್ತೀರಿ ನೋಡಿ. ನನಗೆ ಮೊದಲ ಸಲ ನಾಲ್ಕು ನಿಮಿಷ ಹಿಡಿದಿತ್ತು. ನಾಲ್ಕು ನಿಮಿಷದಲ್ಲಿ ಜನ ಊಟದ ಪಂಕ್ತಿಗೆ ಎದ್ದು ಹೋಗಿರುತ್ತಾರೆ.

ಇನ್ನೊಂದು ಮಾತು. ವೈ-ಫೈ ಬಂದ್, ಅಪ್‌ಡೇಟ್ ಬಂದ್, ಸ್ಲೀಪ್ ಬಂದ್. ವಾಟ್ಸಾಪಿನ 'ಟುಂಗ್' ಅನ್ನುವ ಸದ್ದು ನಾಲ್ಕು ಟಾಪ್, ಎರಡು ಬೇಸ್ ಬಾಕ್ಸಿನಲ್ಲಿ ಹೇಗೆ ಕೇಳುತ್ತದೆ ಅಂತ ನನಗೆ ಗೊತ್ತು. ನಿಮಗೆ ಗೊತ್ತಾಗುವುದು ಬೇಡ.

ಪ್ರಶ್ನೆ: ಯುಎಸ್‌ಬಿ ಕೇಬಲ್ ಹಾಕಿದ ಕೂಡಲೇ ಒಂದು ಕೀ ಒತ್ತಿದರೆ ಎರಡು ಸಲ ನುಡಿದ ಹಾಗೆ ಕೇಳುತ್ತದೆ. ಪೈಪಿನಲ್ಲಿ ಮಾತಾಡಿದಂತೆ ಪೊಳ್ಳು ಸದ್ದು. ಕೀಬೋರ್ಡ್ ಕೆಟ್ಟಿದೆಯಾ?
– ಜಮಖಂಡಿಯ ಓದುಗರು

ಉತ್ತರ: ಕೆಟ್ಟಿಲ್ಲ. ನೀವು ಒತ್ತಿದ್ದನ್ನು ಕೀಬೋರ್ಡ್ ತಾನೇ ಒಮ್ಮೆ ನುಡಿಸುತ್ತದೆ. ಲ್ಯಾಪ್‌ಟಾಪಿಗೂ ಹೇಳುತ್ತದೆ. ಲ್ಯಾಪ್‌ಟಾಪ್ ಅದನ್ನೇ ವಾಪಸ್ ಹೇಳಿ ಇನ್ನೊಮ್ಮೆ ನುಡಿಸುತ್ತದೆ. ಕೀಬೋರ್ಡಿನ ಮಿಡಿ ಸೆಟ್ಟಿಂಗಿನಲ್ಲಿ 'ಲೋಕಲ್ ಕಂಟ್ರೋಲ್' ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಲ್ಯಾಪ್‌ಟಾಪ್ ಬಿಚ್ಚಿದ ಮೇಲೆ ಮರೆಯದೆ ಆನ್ ಮಾಡಿ. ಮರೆತರೆ ಕೀ ಒತ್ತಿದರೂ ಸದ್ದೇ ಬರುವುದಿಲ್ಲ. "ಮಾಸ್ತರ, ಕೀಬೋರ್ಡ್ ಸತ್ತೈತ್ರಿ" ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವವರಲ್ಲಿ ಅರ್ಧ ಜನರದ್ದು ಇದೇ ರೋಗ.

ಪ್ರಶ್ನೆ: ಹಾಡುವವರು ಸ್ಟೇಜ್ ಹತ್ತಿದ ಮೇಲೆ ಶ್ರುತಿ ಬದಲಿಸಿ ಅನ್ನುತ್ತಾರೆ. ಆಡಿಯೋ ಟ್ರ್ಯಾಕ್ ಇಟ್ಟುಕೊಂಡರೆ ಒಳ್ಳೆಯದೋ, ಮಿಡಿಯೋ?
– ವಿಜಯಪುರದ ಓದುಗರು

ಉತ್ತರ: ಇದೇ ತೊಂದರೆಗಾಗಿ ನಾನು ಇನ್ನೂ ಮಿಡಿ ಬಿಟ್ಟಿಲ್ಲ. ಆಡಿಯೋವನ್ನು ಏರಿಸಿ ಇಳಿಸಬಹುದು. ಆದರೆ ಎರಡು ಮೂರು ಮನೆ (ಬಿಳಿ, ಕಪ್ಪು ಎಲ್ಲ ಸೇರಿ ಒಂದೊಂದು ಕೀಯೂ ಒಂದು ಮನೆ) ದಾಟಿದರೆ ಕೊಳಲು ಕೊಳಲಾಗಿ ಉಳಿಯುವುದಿಲ್ಲ. ಮಿಡಿಯಲ್ಲಿ ಬರೀ ಸ್ವರದ ಅಂಕಿ ಬದಲಾಗುತ್ತದೆ, ಸದ್ದು ಹೊಸದಾಗಿಯೇ ಹುಟ್ಟುತ್ತದೆ.

ಆದರೆ ನನ್ನ ತಪ್ಪು ನೀವು ಮಾಡಬೇಡಿ. ನಿಮ್ಮ ಊರಿನಲ್ಲೇ, ಸಿದ್ಧೇಶ್ವರ ಜಾತ್ರೆಯ ಹೊತ್ತಿನ ಒಂದು ಕಾರ್ಯಕ್ರಮ. ಜನವರಿ ಚಳಿ. ಟ್ರ್ಯಾಕ್ ಮಾಡಿದ್ದು ಕಪ್ಪು ಒಂದರಲ್ಲಿ, ಅಂದರೆ ಮೊದಲ ಕಪ್ಪು ಕೀಯ ಶ್ರುತಿಯಲ್ಲಿ. ಬರಬೇಕಾದ ಗಾಯಕರ ಗಂಟಲು ಕಟ್ಟಿತ್ತು. ಅವರ ಬದಲಿಗೆ ಬಂದ ಹುಡುಗ "ಕಪ್ಪು ಎರಡು ಮಾಡ್ರಿ" ಅಂದ. ಎರಡು ಮನೆ ಮೇಲೆ ಅಷ್ಟೇ ಅಲ್ವಾ ಅಂತ ಇಡೀ ಹಾಡನ್ನು ಸೆಲೆಕ್ಟ್ ಮಾಡಿ ಪ್ಲಸ್ ಎರಡು ಕೊಟ್ಟೆ. ಶುರುವಾಯಿತು ನೋಡಿ ಗದ್ದಲ. ಕಿಕ್ ಗುದ್ದಬೇಕಾದಲ್ಲೆಲ್ಲ ಸ್ನೇರ್ ಚಟಚಟ. ಓಪನ್ ಹೈಹ್ಯಾಟ್ ಬರಬೇಕಾದಲ್ಲಿ ಟಾಮ್. ಕ್ರ್ಯಾಶ್ ಇದ್ದಲ್ಲಿ ರೈಡ್. ಹುಡುಗ ಪಾಪ ಹೆದರಿ ಪಲ್ಲವಿಯನ್ನೇ ಮರೆತ.

ಆದದ್ದು ಇಷ್ಟು. ಡ್ರಮ್ ಇರುವುದು 10ನೇ ಚಾನೆಲ್ಲಿನಲ್ಲಿ. ಅಲ್ಲಿ ಒಂದೊಂದು ಕೀಗೂ ಒಂದೊಂದು ವಾದ್ಯ. 36 ಕಿಕ್, 38 ಸ್ನೇರ್. ಎರಡು ಏರಿಸಿದರೆ 36 ಹೋಗಿ 38ರ ಮೇಲೆ ಕೂರುತ್ತದೆ. ಆದ್ದರಿಂದ 10ನೇ ಚಾನೆಲ್ಲನ್ನು ಏರಿಳಿತದಿಂದ ಹೊರಗಿಡಿ. ತಬಲಾ, ಢೋಲಕಿಯ ಕಿಟ್ ಬೇರೆ ಚಾನೆಲ್ಲಿನಲ್ಲಿ ಹಾಕಿದ್ದರೆ ಅದನ್ನೂ ಹೊರಗಿಡಿ. ಪಿಚ್ ಇರುವ ಟ್ರ್ಯಾಕುಗಳನ್ನಷ್ಟೇ ಒಂದು ಫೋಲ್ಡರಿನಲ್ಲಿ ಕಟ್ಟಿಟ್ಟುಕೊಂಡರೆ ಸ್ಟೇಜಿನಲ್ಲಿ ತಲೆ ಓಡಿಸುವ ಕೆಲಸವೇ ಇಲ್ಲ.

ಪ್ರಶ್ನೆ: ನಮ್ಮ ತಬಲಾದವರು ಹಿರಿಯರು. ಕಿವಿಯಲ್ಲಿ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಳ್ಳಲು ಒಲ್ಲೆ ಅನ್ನುತ್ತಾರೆ. ಹಾಡುವವರು ಆಲಾಪ ಎಳೆದರೆ ಟ್ರ್ಯಾಕ್ ಮುಂದೆ ಓಡಿಬಿಡುತ್ತದೆ. ಏನು ಮಾಡಲಿ?
– ಗೋಕಾಕದ ಓದುಗರು

ಉತ್ತರ: ನಮ್ಮಪ್ಪ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ. ಬಾದಾಮಿ ಬನಶಂಕರಿ ಜಾತ್ರೆಗೆ ಕಂಪನಿಗಳು ಟೆಂಟ್ ಹಾಕುತ್ತವಲ್ಲ, ಅಲ್ಲಿ ಅಪ್ಪನ ಕಾಲುಪೆಟ್ಟಿಗೆಯ ಪಕ್ಕದಲ್ಲಿ ಕೂತೇ ನಾನು ನಿದ್ದೆ ಹೋಗುತ್ತಿದ್ದೆ. ಒಂದು ರಾತ್ರಿ ಎಂಟ್ರಿ ಕೊಡಬೇಕಾದ ನಟ ಬರಲೇ ಇಲ್ಲ. ಒಳಗೆ ಕಚ್ಚೆ ಬಿಚ್ಚಿಕೊಂಡಿತ್ತಂತೆ. ಅಪ್ಪ ಅದೇ ಎರಡು ಸಾಲನ್ನು ತಿರುಗಿಸಿ ತಿರುಗಿಸಿ ಬಾರಿಸುತ್ತಲೇ ಇದ್ದ. ಒಮ್ಮೆ ಮೇಲಿನ ಸಪ್ತಕದಲ್ಲಿ, ಒಮ್ಮೆ ಕೆಳಗೆ, ಒಮ್ಮೆ ತಬಲಾದವನಿಗೆ ಬಿಟ್ಟು. ಕಣ್ಣು ಮಾತ್ರ ಸೈಡ್ ವಿಂಗಿನ ಕೆಳಗೆ. ಅಲ್ಲಿ ಗೆಜ್ಜೆ ಕಟ್ಟಿದ ಕಾಲು ಕಂಡಾಗ ಮುಂದಿನ ಸಾಲಿಗೆ ಹೋದ. ಕೂತವರಿಗೆ ಏನೂ ಗೊತ್ತಾಗಲಿಲ್ಲ. ಸೀಟಿ ಹೊಡೆದರು.

ಲ್ಯಾಪ್‌ಟಾಪಿಗೆ ಆ ಕಾಲು ಕಾಣುವುದಿಲ್ಲ. ಕಿವಿಯೂ ಇಲ್ಲ. ಆದರೆ ನಿಮಗಿದೆ. ಅದಕ್ಕೇ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಹಗ್ಗ ಮಾಡಬೇಡಿ, ತುಂಡು ಮಾಡಿ. ಮುನ್ನುಡಿ, ಪಲ್ಲವಿ, ನಡುವಿನ ಮ್ಯೂಸಿಕ್, ಚರಣ. ಏಬಲ್ಟನ್ ಲೈವ್ ಸಾಫ್ಟ್‌ವೇರ್ ಹುಟ್ಟಿದ್ದೇ ಈ ಕೆಲಸಕ್ಕೆ. ಒಂದೊಂದು ತುಂಡನ್ನು ಒಂದೊಂದು ಸೀನ್ ಮಾಡಿಟ್ಟರೆ ಅದು ನೀವು ಹೇಳುವ ತನಕ ಸುತ್ತುತ್ತಲೇ ಇರುತ್ತದೆ. ಕ್ಯೂಬೇಸಿನಲ್ಲೂ ಅರೇಂಜರ್ ಟ್ರ್ಯಾಕ್ ಇದೆ. ಮುಂದಿನ ತುಂಡಿಗೆ ಹೋಗುವ ಅಪ್ಪಣೆಯನ್ನು ಕಾಲಿನ ಪೆಡಲಿಗೆ ಕೊಡಿ. ಎರಡೂ ಕೈ ಕೀ ಮೇಲೇ ಇರಲಿ, ಕಣ್ಣು ಹಾಡುವವರ ಮೇಲಿರಲಿ.

ತಾಳದ ಲೆಕ್ಕ ತಪ್ಪಬೇಡಿ. ಸಾಫ್ಟ್‌ವೇರ್ ತಾನಾಗಿ ನಾಲ್ಕು ನಾಲ್ಕು ಎಣಿಸುತ್ತದೆ. ಎಂಟು ಮಾತ್ರೆಯ ಕೆಹರವಾಕ್ಕೆ ನಡೆಯುತ್ತದೆ. ರೂಪಕದ ಏಳು ಮಾತ್ರೆಯ ತುಂಡಿಗೆ ನಾಲ್ಕರ ಎಣಿಕೆ ಇಟ್ಟರೆ ಪೆಡಲ್ ಒತ್ತಿದಾಗ ಸಮ್ (ತಾಳದ ಮೊದಲ ಮಾತ್ರೆ) ಬಿಟ್ಟು ಎಲ್ಲೋ ನಡುವೆ ಹಾರುತ್ತದೆ. ಏಳಿದ್ದರೆ ಏಳು, ದಾದ್ರಾ ಆದರೆ ಆರು ಎಂದು ಬಾರ್ ಬದಲಿಸಿಡಿ.

ಆಲಾಪಕ್ಕೆ ಟ್ರ್ಯಾಕ್ ಇಡಲೇಬೇಡಿ. ನಿಲ್ಲಿಸಿಬಿಡಿ. ಎಡಗೈಯಲ್ಲಿ ಷಡ್ಜ, ಪಂಚಮ ಹಿಡಿದು ಕೂತುಕೊಳ್ಳಿ. ಅವರು ಮುಗಿಸಿ ತಬಲಾದವರು ಕೈ ಎತ್ತಿದಾಗ ಪೆಡಲ್ ಒತ್ತಿ. ಕ್ಲಿಕ್ಕನ್ನು ಹಿರಿಯರ ಕಿವಿಗೆ ತುರುಕಬೇಡಿ, ಅದು ನಿಮ್ಮ ಕಿವಿಯಲ್ಲಿರಲಿ. ಅವರಿಗೆ ಬೇಕಾದದ್ದು ಎದುರಿಗೆ ಒಂದು ಮಾನಿಟರ್, ಅದರಲ್ಲಿ ಟ್ರ್ಯಾಕಿನ ಶೇಕರ್ ಸ್ವಲ್ಪ ಜಾಸ್ತಿ. ಶೇಕರ್ ಅಂದರೂ ಕ್ಲಿಕ್ಕೇ ಅಲ್ವಾ. ಹಾಗೆಂದು ಅವರಿಗೆ ಹೇಳಬೇಡಿ. ಇನ್ನು ಟ್ರ್ಯಾಕಿನಲ್ಲಿ ತಬಲಾ ಹಾಕಿ, ಪಕ್ಕದಲ್ಲಿ ತಬಲಾದವರನ್ನೂ ಕೂರಿಸುವುದಿದೆಯಲ್ಲ, ಅದು ಅವಮಾನ. ಬೇಸ್, ಸ್ಟ್ರಿಂಗ್ಸ್, ಶೇಕರ್ ಇಷ್ಟು ಮಷಿನ್ನಿಗೆ ಸಾಕು. ನಿಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದಂಥ ಬಯಲಾಟಕ್ಕೆ ಕರೆದರೆ ಲ್ಯಾಪ್‌ಟಾಪ್ ಬ್ಯಾಗಿನಿಂದ ತೆಗೆಯಲೇಬೇಡಿ.

ಪ್ರಶ್ನೆ: ಜಾತ್ರೆಯಲ್ಲಿ ಜನರೇಟರ್ ಮೇಲೆ ಕಾರ್ಯಕ್ರಮ ಇದ್ದಾಗ ಲ್ಯಾಪ್‌ಟಾಪ್ ಹಚ್ಚಿದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತದೆ. ಲ್ಯಾಪ್‌ಟಾಪಿಗೆ ಯುಪಿಎಸ್ ತಗೊಳ್ಳಲೇ?
– ಮುಧೋಳದ ಓದುಗರು

ಉತ್ತರ: ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯಲ್ಲ! ಯುಪಿಎಸ್ ಬೇಕಾದದ್ದು ಕೀಬೋರ್ಡಿಗೆ. ಅರೆ ಕ್ಷಣ ಕರೆಂಟ್ ಹೋದರೂ ಕೀಬೋರ್ಡ್ ಮಲಗುತ್ತದೆ. ಕೆಲವು ವರ್ಕ್‌ಸ್ಟೇಷನ್ ಮತ್ತೆ ಏಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತವೆ. ಸೇವ್ ಮಾಡದ ಹಾಡು ಹೋಯಿತೆಂದೇ ಲೆಕ್ಕ. ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಚಿಕ್ಕ ಯುಪಿಎಸ್ ಸಾಕು, ಕೀಬೋರ್ಡ್ ಎಳೆಯುವ ಕರೆಂಟ್ ಒಂದು ಬಲ್ಬಿನಷ್ಟೇ.

ಗುಂಯ್ ಸದ್ದಿಗೆ ಮೊದಲು ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ತಿಂಗ್ ಸುತ್ತು ಹಾಕಿಕೊಂಡ ತೊಂದರೆ. ಬ್ಯಾಟರಿ ಮೇಲೆಯೇ ನಡೆಸಿ. ಬ್ಯಾಟರಿ ಮುದುಕಾಗಿದ್ದರೆ ಯುಎಸ್‌ಬಿ ಬಿಟ್ಟು ಐದು ಪಿನ್ನಿನ ಮಿಡಿ ಕೇಬಲ್ ಹಾಕಿ. ಅದರಲ್ಲಿ ಅಪ್ಪಣೆ ಕೀಬೋರ್ಡಿನೊಳಗೆ ಬೆಳಕಿನ ಮೂಲಕ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. ಹಾಗಾಗಿ ಗುಂಯ್ ಕೂಡ ದಾಟುವುದಿಲ್ಲ. ಲ್ಯಾಪ್‌ಟಾಪಿನ ಆಡಿಯೋವೂ ಮಿಕ್ಸರಿಗೆ ಹೋಗುತ್ತಿದ್ದರೆ ನಡುವೆ ಡಿಐ ಬಾಕ್ಸ್ (ಸದ್ದನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಡಬ್ಬಿ) ಹಾಕಿ, ಅದರಲ್ಲಿ ಅರ್ತಿಂಗ್ ಕೊಂಡಿ ಬಿಡಿಸುವ 'ಗ್ರೌಂಡ್ ಲಿಫ್ಟ್' ಗುಂಡಿ ಒತ್ತಿ. ಪ್ಲಗ್ಗಿನ ಮೂರನೇ ಪಿನ್ ಮುರಿದು ಹಾಕುವ ಚಾಳಿ ನಮ್ಮ ಸೌಂಡಿನವರಲ್ಲಿ ಕೆಲವರಿಗೆ ಇದೆ. ಅವರ ಕೈ ಹಿಡಿದು ನಿಲ್ಲಿಸಿ. ಮಳೆ ಬಿದ್ದ ನೆಲದ ಮೇಲೆ ಮೈಕ್ ಹಿಡಿದು ನಿಲ್ಲುವವರು ನಿಮ್ಮ ಗಾಯಕರು.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಮಾಡಿದ ಮಿಡಿ ಫೈಲ್ ಪೆನ್‌ಡ್ರೈವಿಗೆ ಹಾಕಿದರೆ ಕೀಬೋರ್ಡಿನಲ್ಲಿ ತೆರೆಯುವುದಿಲ್ಲ. ಯಾಕೆ?
– ಗುಳೇದಗುಡ್ಡದ ಓದುಗರು

ಉತ್ತರ: ಸೇವ್ ಮಾಡುವಾಗ 'ಟೈಪ್ 0' ಆರಿಸಿ, ಅದರಲ್ಲಿ ಎಲ್ಲ ಚಾನೆಲ್ ಒಂದೇ ಟ್ರ್ಯಾಕಿನಲ್ಲಿ ಇರುತ್ತದೆ. ಟ್ರ್ಯಾಕುಗಳನ್ನು ಬೇರೆ ಬೇರೆ ಇಡುವ 'ಟೈಪ್ 1' ಅನ್ನು ಹಳೆಯ ಕೀಬೋರ್ಡುಗಳು ಕೆಲವು ಮುಟ್ಟುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿರಲಿ. ಫೈಲಿನ ಹೆಸರು ಇಂಗ್ಲಿಷಿನಲ್ಲಿ, ಎಂಟು ಅಕ್ಷರದೊಳಗೆ ಇಡಿ. ಅಷ್ಟಾದರೂ ತೆರೆಯದಿದ್ದರೆ ಕೀಬೋರ್ಡಿನ ಮಾಡೆಲ್ ಯಾವುದು ಅಂತ ಬರೆದು ಕಳಿಸಿ. ಎರಡು ಪುಟದ ಕಾಗದದಲ್ಲಿ ಅದೊಂದನ್ನೇ ಬಿಟ್ಟಿದ್ದೀರಿ.